ಬೋರ್ಡನ್ ಮನೆಯ ಕೊಲೆಗಳು: ಲಿಜ್ಜಿಯೋ, ಬ್ರಿಜೆಟಳೋ, ಇನ್ನಾರೋ?

ನಮ್ಮ ಮಹಿಳಾ ವೇದಿಕೆಯ ಓದಿನ ಬಳಗ ತಿಂಗಳಿಗೊಮ್ಮೆ ಶನಿವಾರ ಮಧ್ಯಾಹ್ನ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತದೆ. ಕಳೆದ ಮಳೆಗಾಲದಲ್ಲಿ ವಿಷಯ ಮಂಡಿಸುವ ಸರದಿ ನನ್ನದಾಗಿತ್ತು. ನಾನು ಆರಿಸಿಕೊಂಡದ್ದು ಅಮೆರಿಕದ ಒಂದು ಹಳೆಯ ಕೊಲೆ ಪ್ರಕರಣ. "ಶ್ರಾವಣ ಮಾಸದಲ್ಲಿ ಕೊಡಲಿಯ ಕಥೆಯೇನ್ರೀ?" ಎಂದು ಹಿರಿಯರೊಬ್ಬರು ಮುಖ ಸಿಂಡರಿಸಿದರು. ಆದರೆ ಚಹಾ ಎರಡು ಸಲ ಆದರೂ ಚರ್ಚೆ ನಿಲ್ಲಲಿಲ್ಲ, ಎಲ್ಲರಿಗಿಂತ ಹೆಚ್ಚು ವಾದ ಮಾಡಿದವರೂ ಅವರೇ. ಅಂದು ಹೇಳಿದ್ದನ್ನೂ ಹೇಳದೆ ಉಳಿಸಿಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಊರು ಮ್ಯಾಸಚೂಸೆಟ್ಸ್ ರಾಜ್ಯದ ಫಾಲ್ ರಿವರ್. ಹತ್ತಿ ಗಿರಣಿಗಳ ಊರು. ಪರಳ, ಲಾಲ್‌ಬಾಗ್ ಕಡೆಯ ಗಿರಣಿಗಳ ಭೋಂಗಾ ಕೇಳಿ ಬೆಳೆದ ನಮ್ಮಂಥವರಿಗೆ ಅದನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಗಿರಣಿ ಮಾಲೀಕರು ಗುಡ್ಡದ ಮೇಲಿನ ದೊಡ್ಡ ಬಂಗಲೆಗಳಲ್ಲಿ, ಕೆಲಸಗಾರರು ಕೆಳಗಿನ ಇಕ್ಕಟ್ಟು ಬೀದಿಗಳಲ್ಲಿ. ಗುಡ್ಡದ ಮೇಲೆ ಮನೆ ಕಟ್ಟುವಷ್ಟು ಹಣವಿದ್ದರೂ ಕೆಳಗೇ ಉಳಿದವನು ಆಂಡ್ರ್ಯೂ ಬೋರ್ಡನ್. ಪೀಠೋಪಕರಣ ಮತ್ತು ಶವಪೆಟ್ಟಿಗೆಯ ವ್ಯಾಪಾರದಿಂದ ಮೇಲೆ ಬಂದು ಬ್ಯಾಂಕೊಂದರ ಅಧ್ಯಕ್ಷನಾದವನು. ಸುಮಾರು 3 ಲಕ್ಷ ಡಾಲರಿನ ಆಸ್ತಿ. ಅಷ್ಟಿದ್ದೂ ಸೆಕೆಂಡ್ ಸ್ಟ್ರೀಟಿನ ಅವನ ಮನೆಯಲ್ಲಿ ಬಚ್ಚಲುಮನೆ ಇರಲಿಲ್ಲ, ಶೌಚಕ್ಕೆ ನೆಲಮಾಳಿಗೆಗೆ ಇಳಿಯಬೇಕಿತ್ತು. ಜುಗ್ಗ ಎಂದು ಊರೆಲ್ಲ ಹೇಳುತ್ತಿತ್ತು.

ಮೊದಲ ಹೆಂಡತಿ ಸಾರಾ 1863ರಲ್ಲಿ ತೀರಿಕೊಂಡಳು. ಎರಡು ವರ್ಷಗಳ ಮೇಲೆ ಆತ ಆಬಿ ಎಂಬವಳನ್ನು ಮದುವೆಯಾದ. ಹೆಣ್ಣುಮಕ್ಕಳು ಇಬ್ಬರು, ಹಿರಿಯವಳು ಎಮ್ಮಾ, ಕಿರಿಯವಳು ಲಿಜ್ಜಿ. ಕೊಲೆಯಾದಾಗ ಎಮ್ಮಾಗೆ 41, ಲಿಜ್ಜಿಗೆ 32. ಇಬ್ಬರಿಗೂ ಮದುವೆಯಾಗಿರಲಿಲ್ಲ, ಕೈಯಲ್ಲಿ ಸ್ವಂತ ದುಡಿಮೆ ಇರಲಿಲ್ಲ. ಲಿಜ್ಜಿ ಚರ್ಚಿನ ಭಾನುವಾರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು, ಮಹಿಳೆಯರ ಪಾನನಿರೋಧ ಸಂಘದ ಸದಸ್ಯೆ. ಒಮ್ಮೆ ಯುರೋಪ್ ಪ್ರವಾಸ ಮಾಡಿ ಬಂದು ಮತ್ತೆ ಅದೇ ಬಚ್ಚಲಿಲ್ಲದ ಮನೆಗೆ ಮರಳಿದ್ದಳು.

ಮಲತಾಯಿ ಎಂದೊಡನೆ ನಮ್ಮ ಜನಪದ ಕಥೆಗಳ ಮಲತಾಯಿ ನೆನಪಾಗುವುದು ಸಹಜ. ಆಬಿ ಅಂಥವಳು ಎನ್ನಲು ಒಂದು ಸಾಕ್ಷಿಯೂ ಇಲ್ಲ. ಆದರೆ 1887ರಲ್ಲಿ ಆಬಿಯ ಮಲತಂಗಿ ಇದ್ದ ಮನೆ ಮಾರಾಟಕ್ಕೆ ಬಂತು. ಆಕೆ ಬೀದಿಪಾಲಾಗದಿರಲೆಂದು ಆಂಡ್ರ್ಯೂ ಆ ಮನೆಯ ಅರ್ಧ ಭಾಗ ಕೊಂಡು ಆಬಿಯ ಹೆಸರಿಗೆ ಬರೆದ. ಮಕ್ಕಳಿಬ್ಬರೂ ಕೆರಳಿದರು. ಸಮಾಧಾನಕ್ಕೆಂದು ಅವರಿಗೂ ಒಂದು ಮನೆ ಬರೆದುಕೊಟ್ಟ. ಮನಸ್ಸು ಮಾತ್ರ ಮತ್ತೆ ಕೂಡಲಿಲ್ಲ. ಅಲ್ಲಿಯವರೆಗೆ "ಅಮ್ಮ" ಎನ್ನುತ್ತಿದ್ದ ಲಿಜ್ಜಿ ಅಂದಿನಿಂದ "ಮಿಸೆಸ್ ಬೋರ್ಡನ್" ಎನ್ನತೊಡಗಿದಳು. 1891ರಲ್ಲಿ ಹಾಡುಹಗಲೇ ಮನೆಯಿಂದ ಹಣ, ಗಡಿಯಾರ ಕಳುವಾಯಿತು. ಕಳ್ಳ ಸಿಕ್ಕಲಿಲ್ಲ. ಅನಂತರ ಆಂಡ್ರ್ಯೂ ತನ್ನ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಎಲ್ಲರಿಗೂ ಕಾಣುವಂತೆ ನಡುಮನೆಯಲ್ಲಿ ಇಡುತ್ತಿದ್ದ. ಮನೆಯವರಿಗೇ ಏನನ್ನೋ ಹೇಳುವ ರೀತಿ ಅದು ಎಂದು ನನಗನ್ನಿಸುತ್ತದೆ.

1892ರ ಆಗಸ್ಟ್ 4, ಗುರುವಾರ. ಎಮ್ಮಾ ಪರವೂರಿನಲ್ಲಿದ್ದಳು. ಹಿಂದಿನ ದಿನ ಬಂದಿದ್ದ ಸೋದರಮಾವ ಜಾನ್ ಮೋರ್ಸ್ (ಮೊದಲ ಹೆಂಡತಿಯ ಅಣ್ಣತಮ್ಮಂದಿರಲ್ಲಿ ಒಬ್ಬ) ತಿಂಡಿ ತಿಂದು ಬಂಧುಗಳನ್ನು ನೋಡಲು ಹೊರಟ. ಆಂಡ್ರ್ಯೂ ಪೇಟೆಗೆ ಹೋದ. ಆ ವಾರವೆಲ್ಲ ಮನೆಯವರಿಗೆ ವಾಂತಿ. ಹಿಂದಿನ ದಿನವೇ ಆಬಿ ಎದುರುಮನೆಯ ಡಾಕ್ಟರ್ ಬಳಿ ಓಡಿ, ಯಾರೋ ವಿಷ ಹಾಕುತ್ತಿದ್ದಾರೆ ಎಂದಿದ್ದಳು. ಅವರು ಅದನ್ನು ಹಚ್ಚಿಕೊಳ್ಳಲಿಲ್ಲ. ಒಂದೇ ಕುರಿಮಾಂಸವನ್ನು ದಿನಗಟ್ಟಲೆ ಬಿಸಿ ಮಾಡಿ ತಿನ್ನುತ್ತಿದ್ದ ಮನೆ, ಆಗಸ್ಟಿನ ಬೇಸಿಗೆ. ವಿಷವೇ ಬೇಕೆಂದಿರಲಿಲ್ಲ.

ಕೆಲಸದ ಹುಡುಗಿ ಬ್ರಿಜೆಟ್ ಸುಲಿವನ್ ಐರ್ಲೆಂಡಿನಿಂದ ಬಂದವಳು, ಇಪ್ಪತ್ತೈದರ ಆಸುಪಾಸು. ಅವಳಿಗೂ ಆ ಬೆಳಿಗ್ಗೆ ಹಿತ್ತಲಿಗೆ ಹೋಗಿ ವಾಂತಿಯಾಯಿತು. ಬಂದ ಮೇಲೆ ಆಬಿ ಅವಳಿಗೆ ಕಿಟಕಿಗಳನ್ನೆಲ್ಲ ಒಳಗೂ ಹೊರಗೂ ತೊಳೆಯಲು ಹೇಳಿದಳು. ತಾನು ಮಹಡಿಯ ಅತಿಥಿಕೋಣೆಯ ಹಾಸಿಗೆ ಸರಿಮಾಡಲು ಹೋದಳು. ಅಲ್ಲಿಯೇ, ಒಂಬತ್ತೂವರೆಯ ಆಸುಪಾಸಿನಲ್ಲಿ, ಯಾರೋ ಸಣ್ಣ ಕೊಡಲಿಯಿಂದ ಆಕೆಯ ತಲೆಗೆ ಹತ್ತೊಂಬತ್ತು ಏಟು ಹೊಡೆದರು.

ಆಂಡ್ರ್ಯೂ ಮರಳಿದ್ದು ಹತ್ತೂ ಮುಕ್ಕಾಲಿಗೆ. ಮುಂಬಾಗಿಲ ಅಗುಳಿ, ಬೀಗ ಎಲ್ಲ ಹಾಕಿದ್ದರಿಂದ ಬ್ರಿಜೆಟ್ ತೆಗೆಯಲು ಪರದಾಡಿ ಏನೋ ಗೊಣಗಿದಳು. ಆಗ ಮಹಡಿಯ ಕಡೆಯಿಂದ ಲಿಜ್ಜಿ ನಕ್ಕದ್ದು ಕೇಳಿಸಿತು ಎಂದು ಅವಳು ಮುಂದೆ ಸಾಕ್ಷಿ ಹೇಳಿದಳು. ಆಬಿಗೆ ಯಾರೋ ಕಾಯಿಲೆಯವರಿಂದ ಚೀಟಿ ಬಂತು, ಹೊರಗೆ ಹೋಗಿದ್ದಾರೆ ಎಂದು ಲಿಜ್ಜಿ ಹೇಳಿದಳು. ಆ ಚೀಟಿಯಾಗಲಿ ಬರೆದವರಾಗಲಿ ಎಂದೂ ಸಿಕ್ಕಲಿಲ್ಲ. ಆಂಡ್ರ್ಯೂ ಸೋಫಾದ ಮೇಲೆ ಒರಗಿದ. ಬ್ರಿಜೆಟ್ ಅಟ್ಟದ ತನ್ನ ಕೋಣೆಗೆ ಹೋಗಿ ಮಲಗಿದಳು, ಹನ್ನೊಂದರ ಗಂಟೆ ಬಡಿದದ್ದು ಅವಳಿಗೆ ಕೇಳಿಸಿತು. ಇನ್ನು ಹತ್ತು ನಿಮಿಷಕ್ಕೆ ಲಿಜ್ಜಿ ಕೆಳಗಿನಿಂದ ಕೂಗಿದಳು, ಮ್ಯಾಗಿ, ಬೇಗ ಬಾ, ಅಪ್ಪನನ್ನು ಯಾರೋ ಕೊಂದಿದ್ದಾರೆ ಎಂದು.

ಮ್ಯಾಗಿ ಯಾರು? ಅದಕ್ಕೂ ಮೊದಲು ಆ ಮನೆಯಲ್ಲಿದ್ದ ಕೆಲಸದವಳ ಹೆಸರು ಅದು. ಹೊಸಬಳಿಗೂ ಅಕ್ಕತಂಗಿ ಅದೇ ಹೆಸರು ಅಂಟಿಸಿದ್ದರು. ಆಂಡ್ರ್ಯೂ ಮತ್ತು ಆಬಿ ಮಾತ್ರ ಬ್ರಿಜೆಟ್ ಎಂದು ಕರೆಯುತ್ತಿದ್ದರು.

ಹೊರಗಿನವರು ಬಂದು ಮಾಡಿರಬಹುದೇ? ಸಭೆಯಲ್ಲಿ ನಾನು ಮನೆಯ ನಕ್ಷೆಯನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಓಣಿಯಿಲ್ಲದ ಮನೆ, ಒಂದು ಕೋಣೆಯಿಂದ ಇನ್ನೊಂದಕ್ಕೆ ಹಾದುಹೋಗಬೇಕು. ಮುಂದಿನ ಮೆಟ್ಟಿಲೇ ಬೇರೆ, ಹಿಂದಿನ ಮೆಟ್ಟಿಲೇ ಬೇರೆ, ಮಹಡಿಯಲ್ಲಿ ಎರಡರ ನಡುವಿನ ಬಾಗಿಲಿಗೆ ಸದಾ ಬೀಗ. ಎರಡು ಕೊಲೆಗಳ ನಡುವೆ ಹೆಚ್ಚುಕಡಿಮೆ ಒಂದೂವರೆ ಗಂಟೆ. ಅಷ್ಟು ಹೊತ್ತು ರಕ್ತಸಿಕ್ತ ಬಟ್ಟೆಯಲ್ಲಿ, ಕೈಯಲ್ಲಿ ಕೊಡಲಿ ಹಿಡಿದು, ಇಬ್ಬರು ಹೆಂಗಸರು ಓಡಾಡುವ ಮನೆಯಲ್ಲಿ ಅಪರಿಚಿತ ಅಡಗಿರಬೇಕು, ಆಮೇಲೆ ಹಾಡುಹಗಲಲ್ಲಿ ಜನ ತುಂಬಿದ ಬೀದಿಯಲ್ಲಿ ಹೊರಟುಹೋಗಬೇಕು. ನಂಬುವುದು ಕಷ್ಟ. ಸೋದರಮಾವನ ಮೇಲೂ ಅನುಮಾನ ಬಂತು, ಆದರೆ ಅವನು ಬಂಧುಗಳ ಮನೆಯಲ್ಲಿದ್ದದ್ದು ಗಟ್ಟಿಯಾಯಿತು. ಎಮ್ಮಾ ಹದಿನೈದು ಮೈಲಿ ದೂರದಿಂದ ಗುಟ್ಟಾಗಿ ಬಂದು ಹೋದಳು ಎಂದು 1984ರಲ್ಲಿ ಒಂದು ಪುಸ್ತಕ ಬಂತು, ಆಂಡ್ರ್ಯೂವಿಗೆ ಬೇರೆ ಸಂಬಂಧದಲ್ಲಿ ಹುಟ್ಟಿದ ಮಗನೊಬ್ಬ ಮಾಡಿದ ಎಂದು 1991ರಲ್ಲಿ ಇನ್ನೊಂದು. ಓದಲು ಸೊಗಸು, ಅಷ್ಟೇ.

ಉಳಿಯುವುದು ಲಿಜ್ಜಿ ಮತ್ತು ಬ್ರಿಜೆಟ್.

ಲಿಜ್ಜಿಯ ವಿರುದ್ಧ ಇರುವುದನ್ನು ನೋಡಿ. ಕೊಲೆಯ ಹಿಂದಿನ ದಿನ ಆಕೆ ಔಷಧಿ ಅಂಗಡಿಗೆ ಬಂದು, ಸೀಲ್ ಚರ್ಮದ ಮೇಲಂಗಿ ಸ್ವಚ್ಛ ಮಾಡಬೇಕೆಂದು ಪ್ರುಸಿಕ್ ಆಮ್ಲ ಕೇಳಿದಳು, ನಾನು ಕೊಡಲಿಲ್ಲ ಎಂದು ಗುಮಾಸ್ತ ಹೇಳಿದ. ಆ ಸಂಜೆ ಗೆಳತಿ ಆಲಿಸ್ ರಸೆಲ್ ಮನೆಗೆ ಹೋಗಿ, ಮನೆಗೆ ಏನೋ ಕೇಡು ಕಾದಿದೆ ಎಂದು ಹೇಳಿಕೊಂಡಳು. ಅಪ್ಪ ಸತ್ತ ಹೊತ್ತಿಗೆ ಎಲ್ಲಿದ್ದೆ ಎಂದರೆ, ಹಿತ್ತಲ ಕೊಟ್ಟಿಗೆಯ ಅಟ್ಟದಲ್ಲಿ ಮೀನಿನ ಗಾಳಕ್ಕೆ ಸೀಸ ಹುಡುಕುತ್ತ, ಪೇರ್ ಹಣ್ಣು ತಿನ್ನುತ್ತ ಇದ್ದೆ ಎಂದಳು. ಅಟ್ಟದ ಧೂಳಿನ ಮೇಲೆ ಹೆಜ್ಜೆಯೇ ಇರಲಿಲ್ಲ ಎಂದು ಪೊಲೀಸನೊಬ್ಬ ಹೇಳಿದ. ಐಸ್‌ಕ್ರೀಂ ಮಾರುವವನೊಬ್ಬ, ಕೊಟ್ಟಿಗೆ ಕಡೆಯಿಂದ ಹೆಂಗಸೊಬ್ಬಳು ಬರುವುದನ್ನು ಕಂಡೆ ಎಂದ. ವಿಚಾರಣೆಯಲ್ಲಿ ಲಿಜ್ಜಿಯ ಮಾತು ಒಂದು ಸಲ ಹೇಳಿದಂತೆ ಇನ್ನೊಂದು ಸಲ ಇರಲಿಲ್ಲ. ಆದರೆ ಡಾಕ್ಟರ್ ಆಕೆಗೆ ಆ ದಿನಗಳಲ್ಲಿ ಮಾರ್ಫಿನ್ ಕೊಡುತ್ತಿದ್ದರು ಎಂಬುದನ್ನೂ ಮರೆಯಬಾರದು. ಎಲ್ಲಕ್ಕಿಂತ ದೊಡ್ಡದು ಭಾನುವಾರ ಬೆಳಗಿನ ಸಂಗತಿ. ಲಿಜ್ಜಿ ಅಡುಗೆಮನೆಯ ಒಲೆಗೆ ತನ್ನ ಉಡುಪೊಂದನ್ನು ಹಾಕಿ ಸುಟ್ಟಳು. ಬಣ್ಣ ಮೆತ್ತಿ ಹಾಳಾಗಿತ್ತು ಎಂದಳು. ಅದನ್ನು ಕಣ್ಣಾರೆ ಕಂಡವಳು ಆಲಿಸ್ ರಸೆಲ್, ಕೆಲವು ತಿಂಗಳು ಬಾಯಿ ಕಟ್ಟಿಕೊಂಡಿದ್ದು ಆಮೇಲೆ ಹೇಳಿಬಿಟ್ಟಳು. ಆ ಸ್ನೇಹ ಅಲ್ಲಿಗೆ ಮುಗಿಯಿತು.

ಇನ್ನೊಂದು ಲೆಕ್ಕವಿದೆ, ಅದನ್ನು ನಮ್ಮ ಬಳಗದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಗೆಳತಿ ಥಟ್ಟನೆ ಹಿಡಿದರು. ಆಂಡ್ರ್ಯೂ ಉಯಿಲು ಬರೆದಿರಲಿಲ್ಲ. ಅವನು ಮೊದಲು ಸತ್ತಿದ್ದರೆ ವಿಧವೆ ಆಬಿಗೆ ಪಾಲು ಬರುತ್ತಿತ್ತು, ಅವಳ ನಂತರ ಅದು ಅವಳ ತವರಿನವರಿಗೆ ಹೋಗುತ್ತಿತ್ತು. ಆಬಿ ಮೊದಲು ಸತ್ತದ್ದರಿಂದ ಎಲ್ಲವೂ ಎಮ್ಮಾ ಮತ್ತು ಲಿಜ್ಜಿಗೆ. ಒಂದೂವರೆ ಗಂಟೆಯ ಅಂತರ ಇಡೀ ಆಸ್ತಿಯ ದಾರಿಯನ್ನು ನಿರ್ಧರಿಸಿತು.

ಹಾಗಿದ್ದರೂ ಲಿಜ್ಜಿಯ ಮೈಮೇಲೆ, ಕೂದಲಲ್ಲಿ ಒಂದು ಹನಿ ರಕ್ತ ಕಂಡವರಿಲ್ಲ. ನೆಲಮಾಳಿಗೆಯಲ್ಲಿ ಸಿಕ್ಕ ಕೊಡಲಿಗಳಲ್ಲಿ ಮನುಷ್ಯರ ರಕ್ತವಿಲ್ಲ ಎಂದು ಹಾರ್ವರ್ಡಿನ ಪ್ರೊಫೆಸರ್ ಪರೀಕ್ಷಿಸಿ ಹೇಳಿದರು. ಹಿಡಿ ಮುರಿದ ಒಂದು ಕೊಡಲಿಯ ಬಗ್ಗೆ ಇಬ್ಬರು ಪೊಲೀಸರು ಒಬ್ಬರಿಗೊಬ್ಬರು ವಿರುದ್ಧ ಸಾಕ್ಷಿ ನುಡಿದರು. 1893ರ ಜೂನ್‌ನಲ್ಲಿ ನ್ಯೂ ಬೆಡ್‌ಫರ್ಡ್ ಊರಿನಲ್ಲಿ ನಡೆದ ವಿಚಾರಣೆಯಲ್ಲಿ, ವಕೀಲರಿಲ್ಲದೆ ಕೊಟ್ಟ ಹೇಳಿಕೆ ಎಂದು ಲಿಜ್ಜಿಯ ಹಳೆಯ ಮಾತುಗಳನ್ನು ನ್ಯಾಯಾಲಯ ಹೊರಗಿಟ್ಟಿತು, ವಿಷದ ಅಂಗಡಿಯವನ ಸಾಕ್ಷಿಯನ್ನೂ ಹೊರಗಿಟ್ಟಿತು. ಆಕೆಯ ಪರ ವಾದಿಸಿದವರಲ್ಲಿ ರಾಜ್ಯದ ಮಾಜಿ ಗವರ್ನರ್ ರಾಬಿನ್ಸನ್ ಇದ್ದರು. ನೀವೇ ನೋಡಿ, ಈಕೆ ರಾಕ್ಷಸಿಯಂತೆ ಕಾಣುತ್ತಾಳೆಯೇ ಎಂಬುದು ಅವರ ವಾದದ ತಿರುಳು. ಹನ್ನೆರಡು ಮಂದಿ ಗಂಡಸರ ಜ್ಯೂರಿ ಒಂದೂವರೆ ಗಂಟೆಯಲ್ಲಿ ನಿರ್ದೋಷಿ ಎಂದಿತು. ಹೆಂಗಸರಿಗೆ ಆಗ ಜ್ಯೂರಿಯಲ್ಲಿ ಕೂರುವ ಹಕ್ಕಿರಲಿಲ್ಲ. ಲೂಸಿ ಸ್ಟೋನ್, ಮೇರಿ ಲಿವರ್‌ಮೋರ್ ಅವರಂಥ ಮಹಿಳಾ ಹಕ್ಕಿನ ಹೋರಾಟಗಾರ್ತಿಯರು ಲಿಜ್ಜಿಯ ಪರ ನಿಂತರು. ಬ್ರಿಜೆಟಳ ಪರ ನಿಂತವರ ಹೆಸರು ನಾನು ಓದಿದ ಪುಸ್ತಕಗಳಲ್ಲಿ ಇಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ತಿರುವಿ ನೋಡಿದರೆ ಲಿಜ್ಜಿಗೆ "ಆಕೆ" ಎಂದೂ ಬ್ರಿಜೆಟಳಿಗೆ "ಅವಳು" ಎಂದೂ ನನ್ನ ಕೈ ತಾನಾಗಿ ಬರೆದಿದೆ. ತಿದ್ದಲು ಹೋಗಿ ಬಿಟ್ಟೆ. ನನ್ನ ಬಣ್ಣವೂ ಗೊತ್ತಾಗಲಿ.

ಬ್ರಿಜೆಟಳೇ ಕೊಂದಳು ಎಂದು 1961ರಲ್ಲಿ ಎಡ್ವರ್ಡ್ ರಾಡಿನ್ ಎಂಬ ಪತ್ರಕರ್ತ ಪುಸ್ತಕ ಬರೆದ. ಕಾರಣ? ಮೈ ಸರಿಯಿಲ್ಲದ ದಿನ ಕಿಟಕಿ ತೊಳೆಯಲು ಹೇಳಿದ್ದಕ್ಕೆ ಸಿಟ್ಟು! ಸಭೆಯಲ್ಲಿ ಇದನ್ನು ಹೇಳಿದಾಗ ಎಲ್ಲರೂ ನಕ್ಕರು. "ಹಾಗಾದರೆ ಮುಂಬಯಿಯಲ್ಲಿ ಒಬ್ಬ ಸೇಠಾಣಿಯೂ ಉಳಿಯುತ್ತಿರಲಿಲ್ಲ" ಎಂದರು ಒಬ್ಬರು. ನಾನೂ ನಕ್ಕೆ. ಮನೆಗೆ ಬರುವಾಗ ಲೋಕಲ್‌ನಲ್ಲಿ ಕೂತು ಹಳೆಯದೊಂದು ನೆನಪಾಯಿತು, ಅಂದು ಹೇಳದೆ ಉಳಿಸಿಕೊಂಡದ್ದು ಅದು.

ಹತ್ತು ಹನ್ನೆರಡು ವರ್ಷಗಳ ಹಿಂದೆ ನನ್ನ ವಜ್ರದ ಓಲೆಯೊಂದು ಕಾಣೆಯಾಯಿತು. ಮನೆಯಲ್ಲಿ ಆ ವಾರ ನೆಂಟರಿದ್ದರು, ಎಸಿ ರಿಪೇರಿಯವನು ಬಂದಿದ್ದ, ಮಗನ ಗೆಳೆಯರು ಬಂದುಹೋಗಿದ್ದರು. ನಾನು ಕೇಳಿದ್ದು ಬಾಯಿಯನ್ನು ಮಾತ್ರ. ಗದರಲಿಲ್ಲ, "ಕಸ ಗುಡಿಸುವಾಗ ನೋಡಿದೆಯಾ?" ಎಂದೆ, ಅಷ್ಟೇ. ಆರು ವರ್ಷ ನಮ್ಮ ಮನೆಯಲ್ಲಿ ದುಡಿದವಳಿಗೆ ಆ ಪ್ರಶ್ನೆಯ ಒಳಗಿನದ್ದು ಅರ್ಥವಾಗದೆ ಇರುತ್ತದೆಯೇ? ಮರುದಿನದಿಂದ ಬರಲಿಲ್ಲ, ಆ ತಿಂಗಳ ಪಗಾರ ಕೇಳಲೂ ಬರಲಿಲ್ಲ. ಬರದಿದ್ದುದೇ ಸಾಕ್ಷಿ ಎಂದು ಬಿಲ್ಡಿಂಗಿನವರು ಹೇಳಿದರು, ನಾನು ಹೂಂ ಅಂದೆ. ದೀಪಾವಳಿಗೆ ಹಾಸಿಗೆ ಕೊಡಹುವಾಗ ದಿಂಬಿನ ಗವುಸಿನ ಹೊಲಿಗೆಯೊಳಗೆ ಓಲೆ ಸಿಕ್ಕಿತು. ಅವಳ ಚಾಳ್ ಹುಡುಕಿಕೊಂಡು ಹೋದೆ. ಖೋಲಿ ಬಿಟ್ಟು ಗಾವಿಗೆ ಹೋದರು ಎಂದರು ಪಕ್ಕದವರು.

ಬ್ರಿಜೆಟ್ ಆ ವಾರವೇ ಬೋರ್ಡನ್ ಮನೆ ಬಿಟ್ಟಳು. ವಿಚಾರಣೆ ಮುಗಿಯುವವರೆಗೆ ನ್ಯೂ ಬೆಡ್‌ಫರ್ಡಿನ ಜೈಲಧಿಕಾರಿಯ ಮನೆಯಲ್ಲಿ ಕೆಲಸಕ್ಕಿದ್ದಳು. ಕಟಕಟೆಯಲ್ಲಿ ನಿಂತಾಗ, ಆ ಮನೆಯಲ್ಲಿ ಜಗಳ ಕಂಡಿದ್ದೀಯಾ ಎಂದು ಕೇಳಿದರೆ ಇಲ್ಲ ಎಂದಳು. ಲಿಜ್ಜಿಯನ್ನು ಉಳಿಸಲೆಂದೇ ಹೀಗೆ ಹೇಳಿದಳು, ಹಣ ಪಡೆದಿದ್ದಳು ಎಂದು ಬರೆದವರಿದ್ದಾರೆ. ಪರರ ಮನೆಯಲ್ಲಿ ದುಡಿದು ಬದುಕುವವಳು ಒಂದು ಮನೆಯ ಜಗಳವನ್ನು ಕೋರ್ಟಿನಲ್ಲಿ ಹೇಳಿದರೆ ಇನ್ನೊಂದು ಮನೆಯಲ್ಲಿ ಅವಳಿಗೆ ಕೆಲಸ ಸಿಗುತ್ತದೆಯೇ ಎಂದು ಅವರು ಯೋಚಿಸಿದಂತಿಲ್ಲ.

ನನ್ನ ತೀರ್ಮಾನ ಕೇಳಿದರೆ, ಕೊಂದದ್ದು ಲಿಜ್ಜಿಯೇ ಎಂದು ನನಗನ್ನಿಸುತ್ತದೆ, ಆದರೆ ಜ್ಯೂರಿಯಲ್ಲಿ ಕೂತಿದ್ದರೆ ನಾನೂ ಬಿಡುಗಡೆಗೇ ಮತ ಹಾಕುತ್ತಿದ್ದೆ. ಅನ್ನಿಸುವುದು ಬೇರೆ, ರುಜುವಾತು ಬೇರೆ. ಒಲೆಗೆ ಹಾಕಿದ ಆ ಉಡುಪು ಇಂದು ಇದ್ದಿದ್ದರೆ ಮಾತು ಬೇರೆಯಿತ್ತು.

ಬಿಡುಗಡೆಯಾದ ಮೇಲೆ ಅಕ್ಕತಂಗಿ ಗುಡ್ಡದ ಮೇಲೆ ದೊಡ್ಡ ಮನೆ ಕೊಂಡರು, ಬಚ್ಚಲುಮನೆ ಇದ್ದ ಮನೆ. ಲಿಜ್ಜಿ ತನ್ನ ಹೆಸರನ್ನು ಲಿಜ್‌ಬೆತ್ ಎಂದು ಬದಲಿಸಿಕೊಂಡಳು. ಚರ್ಚಿನಲ್ಲಿ ಆಕೆಯ ಅಕ್ಕಪಕ್ಕದ ಆಸನಗಳು ಖಾಲಿ ಉಳಿಯತೊಡಗಿದವು. ಮಕ್ಕಳು ಹಗ್ಗದಾಟಕ್ಕೆ ಆಕೆಯ ಮೇಲೆ ಪದ ಕಟ್ಟಿದರು, ಅದರಲ್ಲಿ ಏಟುಗಳ ಲೆಕ್ಕ ನಲವತ್ತು, ನಲವತ್ತೊಂದಕ್ಕೆ ಏರಿತು. 1905ರಲ್ಲಿ ಎಮ್ಮಾ ಮನೆ ಬಿಟ್ಟು ಹೋದಳು. ಲಿಜ್ಜಿ 1927ರ ಜೂನ್ 1ರಂದು ಸತ್ತಳು, ಒಂಬತ್ತು ದಿನಕ್ಕೆ ಎಮ್ಮಾ ಸತ್ತಳು. ಲಿಜ್ಜಿಯ ಉಯಿಲಿನಲ್ಲಿ ಪ್ರಾಣಿರಕ್ಷಣಾ ಸಂಸ್ಥೆಗೆ 30,000 ಡಾಲರ್, ಅಪ್ಪನ ಸಮಾಧಿಯ ಆರೈಕೆಗೆ 500 ಡಾಲರ್ ಇತ್ತು. ಸೆಕೆಂಡ್ ಸ್ಟ್ರೀಟಿನ ಮನೆ ಈಗ ಪ್ರವಾಸಿಗರ ವಸತಿಗೃಹ, ದುಡ್ಡು ಕೊಟ್ಟರೆ ಆಬಿ ಸತ್ತ ಕೋಣೆಯಲ್ಲೇ ರಾತ್ರಿ ಕಳೆಯಬಹುದಂತೆ. ಆಬಿಗೆ ಸ್ವಂತ ಮಕ್ಕಳಿರಲಿಲ್ಲ. ಇಷ್ಟೆಲ್ಲ ಪುಸ್ತಕಗಳಲ್ಲಿ ಆಕೆಯ ಬಗ್ಗೆ ಇರುವುದು ಬಹುಪಾಲು ಆಕೆ ಸತ್ತ ರೀತಿ ಮತ್ತು ಸತ್ತ ಹೊತ್ತು.

ಬ್ರಿಜೆಟ್ ದೂರದ ಮೊಂಟಾನಾ ರಾಜ್ಯಕ್ಕೆ ಹೋಗಿ, ಅನಕೊಂಡಾ ಎಂಬ ಊರಿನಲ್ಲಿ ಮದುವೆಯಾಗಿ ನೆಲೆಸಿ, 1948ರಲ್ಲಿ ಎಂಬತ್ತು ದಾಟಿ ತೀರಿಕೊಂಡರು. ಅಲ್ಲಿ ಅವರನ್ನು ಮ್ಯಾಗಿ ಎಂದು ಕರೆಯುವವರು ಯಾರೂ ಇರಲಿಲ್ಲ.