ಇಬ್ಬರೂ ಒಪ್ಪಿದ ಮೇಲೆ ಇನ್ನೇನು ತಡ?

ಗಂಡ-ಹೆಂಡತಿ ಇಬ್ಬರೂ ಒಪ್ಪಿ ಡೈವೋರ್ಸಿಗೆ ಅರ್ಜಿ ಹಾಕಿದರೂ ಯಾಕಿಷ್ಟು ವಾಯಿದೆ ಅಂತ ಬಹಳ ಜನ ಕೇಳ್ತಾರೆ. ಕೋರ್ಟಿನಲ್ಲಿ ಕೇಸುಗಳು ಜಾಸ್ತಿ ಅನ್ನೋದು ನಿಜ. ಆದರೆ ತಡ ಕಾನೂನಿನೊಳಗೇ ಇದೆ, ಅದಕ್ಕೊಂದು ಇತಿಹಾಸವೂ ಇದೆ.

1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಒಪ್ಪಿಗೆಯ ವಿಚ್ಛೇದನ ಇರಲೇ ಇಲ್ಲ. ಇನ್ನೊಬ್ಬರ ತಪ್ಪನ್ನೋ ಕಾಯಿಲೆಯನ್ನೋ ಸಾಬೀತು ಮಾಡಬೇಕಿತ್ತು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿದ್ದ ಈ ದಾರಿ ಹಿಂದೂ ದಂಪತಿಗಳಿಗೆ ಸಿಕ್ಕಿದ್ದು 1976ರಲ್ಲಿ, 13ಬಿ ಕಲಮಿನ ಮೂಲಕ. ಜೊತೆಗೊಂದು ಷರತ್ತೂ ಬಂತು. ಒಂದು ವರ್ಷ ಬೇರೆ ಇದ್ದು ಅರ್ಜಿ ಹಾಕಬೇಕು, ಆಮೇಲೆ ಆರು ತಿಂಗಳು ಕಾದು, ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ಕೇಳಬೇಕು. ಮನಸ್ಸು ಬದಲಾದೀತು ಅನ್ನೋ ಆಸೆ. 1991ರ ಸುರೇಷ್ಟಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಡಿಕ್ರಿ ಆಗುವವರೆಗೂ ಒಬ್ಬರು ಒಪ್ಪಿಗೆ ವಾಪಸ್ ಪಡೆಯಬಹುದು ಅಂದಿತು. 2017ರ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಆರು ತಿಂಗಳ ಕಾಯುವಿಕೆ ಕಡ್ಡಾಯವಲ್ಲ ಅಂದಿತು. ಆದರೆ ಜೀವನಾಂಶ, ಮಗು ಯಾರ ಬಳಿ ಇರಬೇಕು ಅನ್ನೋದೆಲ್ಲ ಮೊದಲೇ ನಿಜವಾಗಿ ಇತ್ಯರ್ಥ ಆಗಿರಬೇಕು.

ಗಮನಿಸಿ, ಕಾಯುವ ನಿಯಮ ಬರೆದದ್ದು ದೊಡ್ಡವರ ಮನಸ್ಸನ್ನು ನೋಡಿ. 13ಬಿ ಕಲಮಿನಲ್ಲಿ ಮಗುವಿನ ಮಾತೇ ಇಲ್ಲ. ಅರ್ಜಿಯಲ್ಲಿ 'ತಿಂಗಳಿಗೆ ಇಷ್ಟು ಕೊಡುತ್ತೇನೆ' ಅಂತ ಬರೆದಿರುತ್ತೆ, ಡಿಕ್ರಿ ಆಗೋತನಕ ಎಷ್ಟೋ ಮನೆಗಳಲ್ಲಿ ಅದು ಬರೀ ಮಾತಾಗಿ ಉಳಿಯುತ್ತೆ. ಅಷ್ಟರಲ್ಲಿ ಜೂನ್ ಬರುತ್ತೆ, ಶಾಲೆಯವರು ಫೀಸು ಕೇಳ್ತಾರೆ. ಗಂಡ-ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ಇಲ್ಲಿ ಜಗಳವೇ ಇಲ್ಲ, ಆದರೂ ಕೂಸು ಬಡವಾಗುತ್ತೆ!

ಇದಕ್ಕೆ ದಾರಿ ಅದೇ ಕಾಯ್ದೆಯ 26ನೇ ಕಲಮಿನಲ್ಲಿದೆ. ಕೇಸು ನಡೆಯುತ್ತಿರುವಾಗಲೇ ಮಗುವಿನ ಪಾಲನೆ, ವಿದ್ಯಾಭ್ಯಾಸದ ಖರ್ಚಿಗೆ ಮಧ್ಯಂತರ ಆದೇಶ ಕೇಳಬಹುದು. ಎದುರು ಪಕ್ಷಕ್ಕೆ ನೋಟಿಸ್ ತಲುಪಿದ 60 ದಿನದೊಳಗೆ, ಆದಷ್ಟು ಮಟ್ಟಿಗೆ, ಅರ್ಜಿ ತೀರ್ಮಾನ ಆಗಬೇಕು ಅಂತ 2001ರ ತಿದ್ದುಪಡಿ ಹೇಳುತ್ತೆ. 'ಹೇಗೂ ಒಪ್ಪಂದ ಆಗಿದೆಯಲ್ಲ, ಬೇರೆ ಅರ್ಜಿ ಯಾಕೆ' ಅಂತ ಸುಮ್ಮನಾಗುವವರೇ ಹೆಚ್ಚು. ನನಗನ್ನಿಸುವುದು ಇಷ್ಟೆ: ಒಪ್ಪಂದ ಆಗಿದ್ದರೆ ಈ ಆದೇಶ ಪಡೆಯೋದು ಇನ್ನೂ ಸುಲಭ. ದೊಡ್ಡವರು ಆರು ತಿಂಗಳು ಯೋಚನೆ ಮಾಡಲಿ, ಮಗುವಿನ ಹಣ ಮೊದಲ ತಿಂಗಳಿಂದಲೇ ಕೋರ್ಟಿನ ಆದೇಶದ ಮೇಲೆ ಬರಲಿ.