ಬಳ್ಳಾರಿ ತೋರಿದ ದಾರಿ



ಕೆಟಮಿನ್ 1962ರಲ್ಲಿ ಅಮೆರಿಕದಲ್ಲಿ ತಯಾರಾದ ಅರಿವಳಿಕೆ ಮದ್ದು. 2000ದಲ್ಲಿ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಅದನ್ನು ಅಲ್ಪ ಪ್ರಮಾಣದಲ್ಲಿ ಖಿನ್ನತೆಗೆ ಕೊಟ್ಟು ನೋಡಿದರು. ಮೂರು ದಿನದೊಳಗೆ ಗುಣ ಕಂಡಿತು. ಆದರೆ ಆ ಗುಣ ಬಹುಕಾಲ ನಿಲ್ಲದು. ಅದಕ್ಕೇ ಕೆಲವರು ಮದ್ದಿನ ಜೊತೆಗೆ ರೋಗಿಯೊಡನೆ ಕೂತು ಮಾತಾಡುವ ಚಿಕಿತ್ಸೆಯನ್ನೂ ಸೇರಿಸಿದರು.

ಹಾಗೆ ಕೂತು ಮಾತಾಡುವ ವೈದ್ಯರು ಹಳ್ಳಿಗೆ ಎಲ್ಲಿಂದ ಬರಬೇಕು? ‘ದೆವ್ವ ಮೆಟ್ಟಿದೆ’ ಎಂದು ಕನ್ನಡದಲ್ಲೂ ‘ದಯ್ಯಂ ಪಟ್ಟಿಂದಿ’ ಎಂದು ತೆಲುಗಿನಲ್ಲೂ ಹೇಳಿ, ತಾಯಿತ ಕಟ್ಟಿಸಿ ವರ್ಷ ಕಳೆದ ಮನೆಗಳು ಗಡಿಯ ಎರಡೂ ಕಡೆ ಇದ್ದವು.

ಉತ್ತರ ಹುಡುಕಿದ್ದು ನೆರೆಯ ಬಳ್ಳಾರಿಯಲ್ಲೇ. 1985ರಿಂದ ಬೆಂಗಳೂರಿನ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟಿತು. ಜ್ವರ ನೋಡುವ ಡಾಕ್ಟರೇ ಮನಸ್ಸಿನ ಕಾಯಿಲೆಗೂ ಗುಳಿಗೆ ಬರೆದರು, ಮನೆಯವರನ್ನೂ ಕೂರಿಸಿ ತಿಳಿಹೇಳಿದರು. 1996ರಲ್ಲಿ ಇದೇ ಮಾದರಿ ದೇಶದ ಬೇರೆ 4 ಜಿಲ್ಲೆಗಳಿಗೆ ಹೋಯಿತು.