ಉಂಗುರ, ಸಾಕ್ಷಿ ಮತ್ತು ಬೆಸ್ತ: ಟಿಟ್ವಾಳಾದ ಶಕುಂತಲೆಯ ಹಿನ್ನೆಲೆಯಲ್ಲಿ ಅನುಭವದ ಪ್ರಾಮಾಣ್ಯ

ಮಹಾರಾಷ್ಟ್ರದ ಕಲ್ಯಾಣ–ಕಸಾರಾ ರೈಲುಮಾರ್ಗದಲ್ಲಿ, ಕಾಳು ನದಿಯ ಸಮೀಪದಲ್ಲಿರುವ ಊರು ಟಿಟ್ವಾಳಾ. ಸಂಕಷ್ಟ ಚತುರ್ಥಿ ಮಂಗಳವಾರ ಬಿದ್ದರೆ ಇಲ್ಲಿನ ಮಹಾಗಣಪತಿಯ ದರ್ಶನಕ್ಕೆ ಠಾಣೆ, ಡೊಂಬಿವಲಿ, ನವಿ ಮುಂಬಯಿಗಳಿಂದ ಜನ ಕಿಕ್ಕಿರಿದು ಬರುತ್ತಾರೆ. ಸ್ಥಳಪುರಾಣದ ಪ್ರಕಾರ ಇದು ಕಣ್ವರ ಆಶ್ರಮವಿದ್ದ ನೆಲ. ದುಷ್ಯಂತನ ಮರೆವಿನಿಂದ ನೊಂದ ಶಕುಂತಲೆ ಇಲ್ಲಿ ಗಣಪತಿಯನ್ನು ಪ್ರತಿಷ್ಠಾಪಿಸಿ ಪೂಜಿಸಿದಳು, ಗಂಡನನ್ನು ಮರಳಿ ಪಡೆದಳು. ಮದುವೆ ಕೂಡಿಬರಲೆಂದು, ಮುರಿದ ದಾಂಪತ್ಯ ಸರಿಹೋಗಲೆಂದು ಹರಕೆ ಹೊರುವವರಿಗೆ ಈತ ವಿವಾಹ ವಿನಾಯಕ.

ಗ್ರಂಥಗಳು ಬೇರೆಯೇ ಹೇಳುತ್ತವೆ. ಮಹಾಭಾರತದಲ್ಲೂ ಕಾಳಿದಾಸನಲ್ಲೂ ಆಶ್ರಮವಿರುವುದು ಮಾಲಿನೀ ನದಿಯ ದಡದಲ್ಲಿ. ಉತ್ತರಾಖಂಡದ ಕೋಟದ್ವಾರದ ಬಳಿಯೂ ಒಂದು ಕಣ್ವಾಶ್ರಮವಿದೆ. ನಮ್ಮ ಚನ್ನಪಟ್ಟಣದ ಕಡೆ ಹರಿಯುವ ಹೊಳೆಗೂ ಕಣ್ವನದೇ ಹೆಸರು. ಭೂಗೋಳದ ದೃಷ್ಟಿಯಿಂದ ಇವೆಲ್ಲ ಒಟ್ಟಿಗೆ ನಿಜವಾಗಲಾರವು. ಆದರೂ ಹರಕೆ ತೀರಿಸಲು ಬಂದ ಹೆಣ್ಣುಮಗಳಿಗೆ ಟಿಟ್ವಾಳಾದ ಶಕುಂತಲೆ ಅನುಮಾನಕ್ಕೆ ಎಡೆಯಿಲ್ಲದ ಸತ್ಯ. ಸ್ವಂತ ಬಾಳಿನಲ್ಲಿ ಕಂಡುಂಡದ್ದು ಕಥೆಗೆ ಕೊಡುವ ಈ ಬಲ ಎಂಥದು, ಅದು ಎಲ್ಲಿಯವರೆಗೆ ಪ್ರಮಾಣ? ಕುತೂಹಲದ ಸಂಗತಿಯೆಂದರೆ, ಶಕುಂತಲೆಯ ಕಥೆಯ ನಡುವೆಯೇ ಈ ಪ್ರಶ್ನೆ ಕೂತಿದೆ.

ಮಹಾಭಾರತದ ಆದಿಪರ್ವದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ದುಷ್ಯಂತನಿಗೆ ಎಲ್ಲ ನೆನಪಿದೆ, ತಿಳಿದೇ ನಿರಾಕರಿಸುತ್ತಾನೆ. ಯಾರೂ ನೋಡಲಿಲ್ಲವೆಂದುಕೊಂಡರೂ ಒಳಗಿರುವವನು ನೋಡಿರುತ್ತಾನೆ ಎಂದು ಶಕುಂತಲೆ ತುಂಬಿದ ಸಭೆಯಲ್ಲಿ ವಾದಿಸುತ್ತಾಳೆ. ಅಶರೀರವಾಣಿ ಆಕೆಯ ಮಾತನ್ನು ಎತ್ತಿಹಿಡಿದ ಮೇಲೆ ಅರಸ ಕೊಡುವ ಸಮಜಾಯಿಷಿ ಗಮನಾರ್ಹ: ಅವಳ ಮಾತೊಂದನ್ನೇ ನಂಬಿ ಒಪ್ಪಿಕೊಂಡಿದ್ದರೆ ಲೋಕ ಸಂಶಯಿಸುತ್ತಿತ್ತು. ಇಬ್ಬರ ಅನುಭವಕ್ಕೂ ಬಂದ ಸತ್ಯ ಮೂರನೆಯವರ ದನಿಗಾಗಿ ಕಾಯಬೇಕಾಯಿತು.

ಕಾಳಿದಾಸ ಗಂಟನ್ನು ಇನ್ನಷ್ಟು ಬಿಗಿಯುತ್ತಾನೆ. ದೂರ್ವಾಸರ ಶಾಪದಿಂದ ದುಷ್ಯಂತ ನಿಜವಾಗಿಯೂ ಮರೆತಿದ್ದಾನೆ. ಮದುವೆಯೇ ಆಗಿಲ್ಲವೆಂಬ ಅವನ ಮಾತು ಪ್ರಾಮಾಣಿಕ, ಆದರೆ ಸುಳ್ಳು. ಆ ನೆನಪನ್ನು ಮರಳಿಸಬಲ್ಲ, ಶಕುಂತಲೆ ಕಳೆದುಕೊಂಡ ಗುರುತಿನ ಉಂಗುರ ಸಿಗುವುದು ಬೆಸ್ತನೊಬ್ಬನಿಗೆ, ಮೀನಿನ ಹೊಟ್ಟೆಯಲ್ಲಿ. ಸಿಕ್ಕಿದ್ದು ಸಿಕ್ಕ ಹಾಗೆಯೇ ಹೇಳಿದರೂ ಕಾವಲುಗಾರರು ಅವನ ಕೈಕಟ್ಟಿ, ಹೊಡೆದು, ಕಳ್ಳನೆಂದು ಎಳೆದೊಯ್ಯುತ್ತಾರೆ. ಅವನ ಕಸುಬನ್ನೂ ಗೇಲಿ ಮಾಡುತ್ತಾರೆ. ವಿದ್ವಾಂಸರು ಬಹುಮಟ್ಟಿಗೆ ವಿನೋದವೆಂದು ಓದುವ ಈ ದೃಶ್ಯವೇ ನಾಟಕದ ಜ್ಞಾನಮೀಮಾಂಸೆಯ ತಿರುಳು. ಅರಸನ ಮರೆವು ಸಭೆಯಲ್ಲಿ ಪ್ರಮಾಣವಾಗುತ್ತದೆ, ಬೆಸ್ತನ ಕಣ್ಣಾರೆ ಕಂಡ ಮಾತು ಅಪರಾಧವಾಗುತ್ತದೆ. ಅನುಭವಕ್ಕೆ ಸಿಗುವ ಬೆಲೆ ಅದು ಯಾರ ಅನುಭವ ಎಂಬುದನ್ನು ಅವಲಂಬಿಸಿದೆ.

ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ಅನುಭವಕ್ಕೆ ಎತ್ತರದ ಸ್ಥಾನ ಕೊಟ್ಟವರು. ಸುಖ, ದುಃಖ, ತಾನೆಂಬ ಅರಿವು ಇವುಗಳನ್ನು ನೇರವಾಗಿ ತಿಳಿಯುವ ಸಾಕ್ಷಿ ಎಂದೂ ತಪ್ಪುವುದಿಲ್ಲ. ಶ್ರುತಿವಾಕ್ಯಕ್ಕೆ ಅರ್ಥ ಹೇಳುವಾಗಲೂ ಈ ಅನುಭವಕ್ಕೆ ವಿರೋಧ ಬರಕೂಡದು ಎಂಬುದು ಅವರ ನಿಲುವು. ಆದರೆ ಮನಸ್ಸಿಗೆ ಆ ಭದ್ರತೆಯಿಲ್ಲ. ಸಂಶಯ ಬಂದಲ್ಲಿ ಪರೀಕ್ಷೆ ಬೇಕು.

ಆ ಎಚ್ಚರ ಎಷ್ಟು ಅಗತ್ಯವೆಂದು ಮನಶ್ಶಾಸ್ತ್ರವೂ ತೋರಿಸಿದೆ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನ, ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್, ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ ಎಂದು ವಿದ್ಯಾರ್ಥಿಗಳಿಂದ ಬರೆಸಿಕೊಂಡರು. ಸುಮಾರು ಎರಡೂವರೆ ವರ್ಷಗಳ ನಂತರ ಅವರಲ್ಲಿ 44 ಮಂದಿಯನ್ನು ಮತ್ತೆ ಕೇಳಿದಾಗ, ಕಾಲುಭಾಗದಷ್ಟು ಜನರ ನೆನಪು ಎಲ್ಲ ಮುಖ್ಯ ವಿವರಗಳಲ್ಲೂ ತಪ್ಪಿತ್ತು. ಆತ್ಮವಿಶ್ವಾಸ ಮಾತ್ರ ಕುಂದಿರಲಿಲ್ಲ. ಅವರದೇ ಕೈಬರಹ ತೋರಿಸಿದರೂ ಮೊದಲಿನ ನೆನಪು ಮರಳಲಿಲ್ಲ. ದುಷ್ಯಂತನಿಗೆ ಉಂಗುರ ಮಾಡಿದ ಉಪಕಾರ ಇವರಿಗೆ ದಕ್ಕಲಿಲ್ಲ.

ನೆನಪು ಸರಿಯಿದ್ದಾಗಲೂ ಅನುಭವ ತುಣುಕೇ. 2005ರ ಜುಲೈ 26ರ ಮಳೆಯನ್ನು ನೋಡಬಹುದು. ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಸುರಿದಾಗ ಕೊಲಾಬಾದಲ್ಲಿ ಬಿದ್ದದ್ದು ಕೇವಲ 73. ಎರಡೂ ಕಡೆಯ ಜನ ಕಂಡದ್ದನ್ನೇ ಹೇಳಿದರು. ಎರಡೂ ಮಾಪನಗಳನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ ಆ ದಿನದ ಪೂರ್ಣ ರೂಪ ಗೊತ್ತಾಗುತ್ತದೆ.

ಟಿಟ್ವಾಳಾದ ಅಧ್ಯಯನಕ್ಕೂ ಇದೇ ಕ್ರಮ ಬೇಕು. ಭಕ್ತೆಯ ನೆಮ್ಮದಿಗೆ ಆಕೆಯೇ ಸಾಕ್ಷಿ, ಅದನ್ನು ಅಲ್ಲಗಳೆಯುವ ಹಕ್ಕು ಸಂಶೋಧಕರಿಗಿಲ್ಲ. ಆಶ್ರಮ ಎಲ್ಲಿತ್ತೆಂಬುದನ್ನು ಮಾತ್ರ ಆ ನೆಮ್ಮದಿ ನಿರ್ಣಯಿಸಲಾರದು. ಇನ್ನೂ ಒಂದು ಎಳೆ ಉಳಿದಿದೆ. ಪೇಶ್ವೆ ಒಂದನೆಯ ಮಾಧವರಾಯರ ಕಾಲದಲ್ಲಿ, ನೀರಿನ ಬರ ನೀಗಲು ಕೆರೆಯ ಹೂಳೆತ್ತಿಸಿದಾಗ ಗಣಪತಿಯ ವಿಗ್ರಹ ಸಿಕ್ಕಿತೆಂದು ಸ್ಥಳೀಯ ಐತಿಹ್ಯ ಹೇಳುತ್ತದೆ. ಅದು ನೆನೆಯುವುದು ಪೇಶ್ವೆಯನ್ನು, ಅವರ ಸರದಾರನನ್ನು. ವಿಗ್ರಹ ಮೊದಲು ತಗುಲಿದ್ದು ಹೂಳೆತ್ತುವವರ ಕೈಗೇ ಇರಬೇಕು. ಕಾಳು ನದಿಯ ಆಸುಪಾಸಿನ ಕೋಲಿ, ಆಗರಿ, ಕಾತಕರಿ ಸಮುದಾಯಗಳ ಮನೆಗಳಲ್ಲಿ ಆ ಕಥೆ ಹೇಗಿದೆ ಎಂದು ಕೇಳಿ ಬರೆದುಕೊಳ್ಳುವ ಕ್ಷೇತ್ರಕಾರ್ಯ ಆಗಬೇಕಾಗಿದೆ.